ಎರಡಾಳು ನೀರಿನಿಂದ ನೇತ್ರಾಣಿಯವರೆಗೆ

ಬಳ್ಳಾರಿಯ ರಾಯಲ್ ಸರ್ಕಲ್‌ನಲ್ಲಿ ಮಾರ್ಚ್ ತಿಂಗಳ ಬೆಳಗು ಆರೂವರೆಗೇ ಬೆಚ್ಚಗಾಗಿರುತ್ತದೆ. ಕೋಟೆ ಗುಡ್ಡದ ನೆತ್ತಿಗೆ ಬಿಸಿಲು ತಾಗಿದೆ, ಕೆಳಗಿನ ಬೀದಿಗೆ ಇನ್ನೂ ಇಳಿದಿಲ್ಲ. ತಳ್ಳುಗಾಡಿಯ ದೊಡ್ಡ ತಟ್ಟೆಯಲ್ಲಿ ಒಗ್ಗರಣೆ ಹಳದಿ ಗುಡ್ಡೆಯಾಗಿ ಕೂತಿದೆ. ಪಕ್ಕದ ಬಾಣಲೆಯಲ್ಲಿ ಮಿರ್ಚಿ ಮಗುಚಿದಾಗಲೆಲ್ಲ ಎಣ್ಣೆಯ ಚಟಪಟ. ಅಷ್ಟರಲ್ಲಿ ಧೂಳು ಮೆತ್ತಿದ ಟೆಂಪೊ ಟ್ರಾವೆಲರ್ ಒಂದು ಬಂದು ನಿಂತು, ಅದರ ಬಾಗಿಲಿನಿಂದ ಹತ್ತು ಹನ್ನೆರಡು ಹುಡುಗರು ಮೈಮುರಿಯುತ್ತಾ ಇಳಿಯುತ್ತಾರೆ. ಮೂಗಿನ ತುದಿ, ಕಿವಿಯಂಚು ಸುಟ್ಟು ಕೆಂಪಾಗಿವೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಒಣಗದ ಚಡ್ಡಿ. ಹೆಚ್ಚಿನವರು ಕೌಲ್ ಬಜಾರ್ ಕಡೆಯವರು, ಜೀನ್ಸ್ ಹೊಲಿಯುವ ಘಟಕಗಳಲ್ಲಿ ಕೆಲಸ. ಇಬ್ಬರು ಸಿರುಗುಪ್ಪದವರು, ಒಬ್ಬ ಕುರುಗೋಡಿನವ. ಮುರ್ಡೇಶ್ವರದಿಂದ ರಾತ್ರಿಯಿಡೀ ಬಂದಿದ್ದಾರೆ.

ಫೋನುಗಳು ಹೊರಬರುತ್ತವೆ. ನೀಲಿ ನೀರು, ಗುಳ್ಳೆ, ಹಳದಿ ಪಟ್ಟೆಯ ಮೀನು, ಕಪ್ಪು ಸೂಟಿನೊಳಗೆ ಗುರುತು ಸಿಗದ ಗೆಳೆಯ. ಒಂದು ವಿಡಿಯೊ ನೋಡಿ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಸಿರುಗುಪ್ಪದ ಹುಡುಗ ಕ್ಯಾಮೆರಾಕ್ಕೆ ಹೆಬ್ಬೆರಳು ಎತ್ತಿ ‘ಸೂಪರ್’ ಎಂದಿದ್ದಾನೆ. ನೀರೊಳಗಿನ ಕೈಭಾಷೆಯಲ್ಲಿ ಹೆಬ್ಬೆರಳು ಎತ್ತಿದರೆ ‘ನನ್ನನ್ನು ಮೇಲಕ್ಕೆ ಕರೆದುಕೊಂಡು ಹೋಗಿ’ ಎಂದರ್ಥ. ತರಬೇತುದಾರ ಪಾಪ, ಅವನ ತೋಳು ಹಿಡಿದು ಮೇಲಕ್ಕೆ ಹೊರಟೇಬಿಟ್ಟಿದ್ದಾನೆ.

ನಗು ತಣ್ಣಗಾಗುವಾಗ ಕುರುಗೋಡಿನವನು ಕೇಳುತ್ತಾನೆ: “ಲೇ, ಡೈವ್ ಹೊಡ್ದ ಮ್ಯಾಲೆ ಚೇಂಬರ್‌ನಾಗ ಕೂಡ್ಬೇಕಂತಲ್ಲ? ಬೆಂಗ್ಳೂರಾಗ ಐತಂತೆ. ಇಲ್ಲಂದ್ರ ರಕ್ತದಾಗ ಗಾಳಿ ಉಳಿತೈತಂತ.”

“ಯಾರ್ ಹೇಳಿದ್ರೋ ನಿನಗೆ?”

“ನೋಡೀನಿ. ಆರೋಗ್ಯಕ್ಕೂ ಒಳ್ಳೇದಂತ.”

ಗಾಡಿಯ ಅಕ್ಕ ತಟ್ಟೆ ಮುಂದಿಡುತ್ತಾಳೆ. “ಮೊದ್ಲು ತಿನ್ರಪ್ಪಾ, ಆಮ್ಯಾಲೆ ಗಾಳಿ ನೋಡೋಣಂತ.”

ಅಕ್ಕನ ಮಾತೇ ಸರಿ. ನೇತ್ರಾಣಿಯಲ್ಲಿ ಹವ್ಯಾಸಕ್ಕೆ ಮುಳುಗಿ ಬಂದವರು ಮುಂಜಾಗ್ರತೆಗೆಂದು ಹೈಪರ್‌ಬೇರಿಕ್ ಚೇಂಬರಿಗೆ, ಅಂದರೆ ಒತ್ತಡದ ಉಕ್ಕಿನ ಕೋಣೆಗೆ, ಹೋಗಿ ಮಲಗಬೇಕಾದ್ದಿಲ್ಲ. ಆದರೆ ಹುಡುಗನ ಭಯ ಪೂರ್ತಿ ಸುಳ್ಳೂ ಅಲ್ಲ. ‘ರಕ್ತದಾಗ ಗಾಳಿ’ ಎಂದದ್ದರಲ್ಲಿ ಅರ್ಧ ಸತ್ಯವಿದೆ.

ಸಮುದ್ರಕ್ಕೆ ಮುನ್ನೂರು ಚಿಲ್ಲರೆ ಕಿ.ಮೀ. ದೂರದ ಈ ಬಿಸಿಲೂರಿಗೆ ಸ್ಕೂಬಾ ಬಂದದ್ದೇ ಒಂದು ಬೆರಗು. ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ಕಡಲೊಳಗೆ ನೇತ್ರಾಣಿ ನಡುಗಡ್ಡೆ. ಮಳೆಗಾಲ ಮುಗಿದು ಅಕ್ಟೋಬರಿನಿಂದ ಮೇ ತನಕ ಅಲ್ಲಿ ದೋಣಿಗಳ ಓಡಾಟ. 2022ರ ಅಕ್ಟೋಬರ್ 28ರಂದು ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ನೀರಡಿಗೆ ಇಳಿದದ್ದನ್ನು ನೋಡಿದ ಮೇಲೆ, ಈ ಕಡೆಯ ಹುಡುಗರಿಗೆ ಅದು ಅಪ್ಪು ಹೋಗಿ ಬಂದ ಜಾಗ. ಈಜು ಬಾರದವರನ್ನೂ ತರಬೇತುದಾರರು ಕೈಹಿಡಿದು ಹತ್ತು ಹನ್ನೆರಡು ಮೀಟರ್ ತನಕ ಇಳಿಸಿ ತರುತ್ತಾರೆ.

ಈಜು ಬರುವವರದೇ ಬೇರೆ ಕತೆ. ಅದನ್ನು ನೋಡಲು ಸಿರುಗುಪ್ಪಕ್ಕೆ ಹೋಗಬೇಕು.

ಸಿರುಗುಪ್ಪದ ಹೊಳೆದಂಡೆಯಲ್ಲಿ ಈ ದಿನಗಳಲ್ಲಿ ತುಂಗಭದ್ರೆ ಬಂಡೆಗಳ ನಡುವೆ ಹರಿದು ಹಂಚಿಹೋಗಿರುತ್ತಾಳೆ. ಅಲ್ಲೊಂದು ಇಲ್ಲೊಂದು ಮಡು ಮಾತ್ರ ಆಳ. ದಂಡೆಯಾಚೆ ಕಣ್ಣು ಹಾಯುವಷ್ಟೂ ಬೇಸಿಗೆ ಭತ್ತ. ಗಾಳಿ ತಿರುಗಿದರೆ ರೈಸ್‌ಮಿಲ್ಲಿನ ಹೊಟ್ಟು ಸುಟ್ಟ ವಾಸನೆ. ಡಾಂಬರು ಬಳಿದ ತೆಪ್ಪವೊಂದು ಬೋರಲಾಗಿ ಒಣಗುತ್ತಿದೆ. ಶಾಲೆ ಬಿಟ್ಟ ಹುಡುಗರು ಬಂಡೆಯ ಮೇಲೆ ಸಾಲಾಗಿ ನಿಂತು, ಒಬ್ಬೊಬ್ಬರೇ ಹಾರಿ ಮಾಯವಾಗುತ್ತಾರೆ. ಮೇಲಿದ್ದವರು ಜೋರಾಗಿ ಎಣಿಸುತ್ತಾರೆ. ಕೆಳಗಿದ್ದವನು ತಡೆಯಲಾರದೆ ತಲೆ ಎತ್ತಿ, ಮೂಗಿನಿಂದ ನೀರು ಚಿಮ್ಮಿಸಿ, “ಎಷ್ಟಾತಲೇ?” ಎನ್ನುತ್ತಾನೆ. ದಂಡೆಯಲ್ಲಿ ಬಲೆ ಬಿಡಿಸುತ್ತಾ ಕೂತ ಅಜ್ಜ ತಲೆ ಎತ್ತದೆಯೇ ಗದರುತ್ತಾನೆ: “ಉಸ್ರು ಬಿಗಿ ಹಿಡೀರಲೇ. ಬಿಟ್ರಿ ಅಂದ್ರ ನೀರು ಕುಡೀತೀರಿ.”

ಹೊಳೆಯ ಮಟ್ಟಿಗೆ ಅಜ್ಜನ ಮಾತು ವೇದ. ಹುಡುಗ ಮೇಲೆ ಎದೆ ತುಂಬ ಎಳೆದುಕೊಂಡ ಗಾಳಿ ಕೆಳಗೆ ಹೋದಂತೆ ಕುಗ್ಗುತ್ತದೆ. ಹತ್ತು ಮೀಟರ್ ಹೋದರೆ ಅರ್ಧವಾಗುತ್ತದೆ. ಮೇಲೆ ಬರುವಾಗ ಹಿಗ್ಗಿ ಮೊದಲಿನಷ್ಟೇ ಆಗುತ್ತದೆ, ಅದಕ್ಕಿಂತ ಒಂದು ಗುಟುಕೂ ಹೆಚ್ಚಾಗುವುದಿಲ್ಲ. ಒಂದೇ ಉಸಿರಿನಲ್ಲಿ ರಕ್ತಕ್ಕೆ ಸೇರುವ ಸಾರಜನಕವೂ ಅಷ್ಟಕ್ಕಷ್ಟೇ. ಇದೇ ಹೊಳೆಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿ.ಮೀ. ಉದ್ದದ ನೀರುನಾಯಿ ಸಂರಕ್ಷಿತ ಪ್ರದೇಶವಿದೆ, 2015ರಿಂದ. ದಿನವಿಡೀ ಮುಳುಗೇಳುವ ಆ ನೀರುನಾಯಿಗಳ ಬದುಕು ನಡೆಯುವುದೂ ಅಜ್ಜನ ಸೂತ್ರದ ಮೇಲೆಯೇ. (ಉಸಿರು ಹಿಡಿದು ಮುಳುಗುವವರಿಗೆ ತೊಂದರೆ ಆಗುವುದೇ ಇಲ್ಲ ಎನ್ನುವಂತಿಲ್ಲ. ಪೆಸಿಫಿಕ್ ಸಾಗರದ ತುವಾಮೋಟು ದ್ವೀಪಗಳಲ್ಲಿ ಮುತ್ತಿನ ಚಿಪ್ಪಿಗಾಗಿ ದಿನವಿಡೀ ಮತ್ತೆ ಮತ್ತೆ ತೀರಾ ಆಳಕ್ಕೆ ಇಳಿಯುತ್ತಿದ್ದವರಿಗೆ ಲಕ್ವ ಹೊಡೆದದ್ದುಂಟು. ನಮ್ಮ ಮಡುಗಳ ಆಳ ಅಲ್ಲಿಗೆ ಮುಟ್ಟುವುದಿಲ್ಲ.)

ಈಗ ಇದೇ ಹುಡುಗನ ಬೆನ್ನಿಗೆ ಸಿಲಿಂಡರ್ ಕಟ್ಟಿ ನೇತ್ರಾಣಿಯಲ್ಲಿ ಇಳಿಸಿ. ಹತ್ತು ಮೀಟರ್ ಕೆಳಗೆ ಅವನು ಎಳೆದುಕೊಳ್ಳುವುದು ಎರಡು ಪಟ್ಟು ಒತ್ತಡದ ಗಾಳಿ. ಗಾಬರಿಯಾಯಿತು, ಹೊಳೆಯ ಅಭ್ಯಾಸ ನೆನಪಾಯಿತು, ಉಸಿರು ಬಿಗಿ ಹಿಡಿದು ಮೇಲಕ್ಕೆ ಚಿಮ್ಮಿದ ಎನ್ನಿ. ಎದೆಯೊಳಗಿನ ಗಾಳಿ ಎರಡರಷ್ಟಾಗಲು ನೋಡುತ್ತದೆ. ಶ್ವಾಸಕೋಶಕ್ಕೆ ಅಷ್ಟು ಜಾಗವಿಲ್ಲ, ಹರಿಯುತ್ತದೆ. ಹರಿದ ಜಾಗದಿಂದ ಗಾಳಿಗುಳ್ಳೆ ರಕ್ತಕ್ಕೆ ನುಗ್ಗಿ ನೇರ ಮಿದುಳಿಗೆ ಹೋಗಬಹುದು. ಇದಕ್ಕೆ ಹತ್ತು ಮೀಟರೂ ಬೇಕಿಲ್ಲ. ಒಂದೆರಡು ಮೀಟರ್ ಆಳದಿಂದ ಹೀಗೆ ಬಂದವರಿಗೂ ಆಗಿದೆ. ಸ್ಕೂಬಾ ಕಲಿಸುವವರು ಮೊದಲ ಪಾಠವಾಗಿ ‘ಉಸಿರಾಡುತ್ತಲೇ ಇರಿ, ಹಿಡಿಯಬೇಡಿ’ ಎಂದು ಮತ್ತೆ ಮತ್ತೆ ಹೇಳುವುದು ಇದಕ್ಕೇ. ಈಜು ಬಾರದ ಬಳ್ಳಾರಿಯ ಟೈಲರ್ ಹುಡುಗ ಈ ಪಾಠವನ್ನು ಹೇಳಿದಂತೆ ಕಲಿಯುತ್ತಾನೆ. ಸಿರುಗುಪ್ಪದ ಈಜುಗಾರ ಮಾತ್ರ ಮೊದಲು ಕಲಿತದ್ದನ್ನು ಮರೆಯಬೇಕು. ಅವನ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ಹೀಗೆ ಶ್ವಾಸಕೋಶ ಹರಿದವನಿಗೆ ಚೇಂಬರು ಬೇಕೇ ಬೇಕು, ಅದೂ ತುರ್ತಾಗಿ. ಏನೂ ಆಗದೆ ಮೇಲೆ ಬಂದವನು ಮರುವಾರ ಬೆಂಗಳೂರಿಗೆ ಹೋಗಿ ಅದೇ ಚೇಂಬರಿನಲ್ಲಿ ಮಲಗಿದರೆ ತಪ್ಪಿಸುವುದಕ್ಕೆ ಅಲ್ಲಿ ಏನೂ ಉಳಿದಿರುವುದಿಲ್ಲ.

ಕುರುಗೋಡಿನಲ್ಲಿ ನೀರಿನ ಇನ್ನೊಂದು ಪಾಠ. ಬಂಡೆ ಗುಡ್ಡಗಳ ನಡುವಿನ ಊರದು. ದೊಡ್ಡಬಸವೇಶ್ವರ ಗುಡಿಯ ಏಕಶಿಲೆಯ ಬಸವನ ಮುಂದೆ ನಿಂತರೆ ಮನುಷ್ಯ ತೀರಾ ಚಿಕ್ಕವನು. ಊರಾಚೆ, ಮೆಣಸಿನಕಾಯಿ ಹೊಲದ ಬದಿಗೆ, ಚಪ್ಪಡಿ ಮೆಟ್ಟಿಲಿನ ಬಾವಿ. “ಎರಡಾಳು ನೀರೈತಿ” ಎನ್ನುತ್ತಾರೆ, ಅಂದರೆ ಇಬ್ಬರು ಒಬ್ಬರ ಮೇಲೊಬ್ಬರು ನಿಂತರೂ ಮುಳುಗುವಷ್ಟು. ನಾಣ್ಯ ಎಸೆದು ತರುವ ಆಟ ಆಡಿದವರಿಗೆಲ್ಲ ಗೊತ್ತು, ತಳ ಮುಟ್ಟುವ ಮುಂಚೆ ಕಿವಿಯಲ್ಲಿ ಮುಳ್ಳು ಚುಚ್ಚಿದಂಥ ನೋವು. ಬಲ್ಲ ಹುಡುಗರು ಮೂಗು ಹಿಡಿದು ಒಳಗಿಂದೊಳಗೇ ಊದಿ, ಕಿವಿ ‘ಟಪ್’ ಎಂದ ಮೇಲೆ ಮುಂದಕ್ಕೆ ಇಳಿಯುತ್ತಾರೆ. ಸ್ಕೂಬಾದಲ್ಲಿ ಕಲಿಸುವುದೂ ಅದನ್ನೇ. ನೆಗಡಿಯಾದವನು ಆ ದಿನ ಇಳಿಯಲೇಬಾರದು. ಮೋಜಿಗೆ ಮುಳುಗುವವರನ್ನು ಹೆಚ್ಚಾಗಿ ಕಾಡುವ ತೊಂದರೆ ಕಿವಿಯದೇ. ಅದಕ್ಕೂ ಚೇಂಬರಿಗೂ ಸಂಬಂಧವಿಲ್ಲ. ಇನ್ನೂ ಹೇಳಬೇಕೆಂದರೆ, ಚೇಂಬರಿನೊಳಗೆ ಒತ್ತಡ ಏರಿಸುವಾಗ ಅದೇ ಕಿವಿ ಅಲ್ಲೂ ನೋಯುತ್ತದೆ.

ಹಾಗಾದರೆ ‘ರಕ್ತದಾಗ ಗಾಳಿ’ ಎಂದರೇನು? ಮಧ್ಯಾಹ್ನ ಬಳ್ಳಾರಿಗೆ ಮರಳಿ, ಬಿಸಿಲಿಗೆ ನಾಲಗೆ ಒಣಗಿ, ಬ್ರೂಸ್‌ಪೇಟೆಯ ಕಡೆ ಒಂದು ಗೋಲಿಸೋಡಾ ಅಂಗಡಿಯ ಮುಂದೆ ನಿಂತರೆ ಉತ್ತರ ಅಲ್ಲೇ ಇದೆ. ಅಂಗಡಿಯವ ಐಸು ನೀರಿನಿಂದ ಬಾಟಲಿ ಎತ್ತಿ ಒರೆಸುತ್ತಾನೆ. ಬಾಟಲಿಯೊಳಗೆ ಗುಳ್ಳೆ ಒಂದೂ ಇಲ್ಲ, ತಿಳಿನೀರು. ಗ್ಯಾಸೆಲ್ಲ ಕರಗಿ ಕೂತಿದೆ, ಮೇಲೆ ಗೋಲಿ ಬಿಗಿದಿದೆ. ಹೆಬ್ಬೆರಳಿನಿಂದ ಗೋಲಿಯನ್ನು ಒಮ್ಮೆಲೇ ಒತ್ತಿದರೆ ಕೀಂಚ್ ಎಂದು ನೊರೆ ಕೈಮೇಲೆ ಸುರಿಯುತ್ತದೆ. ಹಳೆಯ ಕೈ ಹಾಗೆ ಮಾಡುವುದಿಲ್ಲ. ಸ್ವಲ್ಪ ಒತ್ತಿ, ತಡೆದು, ಗ್ಯಾಸು ಸಣ್ಣಗೆ ಬಿಟ್ಟು, ಆಮೇಲೆ ಪೂರ್ತಿ ತೆಗೆಯುತ್ತದೆ. ಒಂದು ಹನಿ ಚೆಲ್ಲುವುದಿಲ್ಲ.

ಸಿಲಿಂಡರಿನ ಗಾಳಿಯಲ್ಲಿ ನೂರಕ್ಕೆ ಸುಮಾರು 79 ಭಾಗ ಸಾರಜನಕ. ಆಳದಲ್ಲಿ ಅದು ಒತ್ತಡಕ್ಕೆ ರಕ್ತ, ಕೊಬ್ಬು, ಕೀಲುಗಳಲ್ಲಿ ಕರಗುತ್ತದೆ. ಸಾವಕಾಶ ಮೇಲೆ ಬಂದರೆ ಉಸಿರಿನ ಜೊತೆ ತಾನಾಗಿ ಹೊರಹೋಗುತ್ತದೆ. ಧಾವಿಸಿ ಬಂದರೆ ಗುಳ್ಳೆ ಕಟ್ಟಿ ಕೀಲುನೋವು, ಜೋಮು, ಚರ್ಮದ ಮೇಲೆ ಕಲೆ, ತಲೆಸುತ್ತು, ಕೆಲವೊಮ್ಮೆ ಕಾಲು ಸೋಲುವ ತನಕ ಹೋಗುತ್ತದೆ. ಇದಕ್ಕೆ ಡಿಕಂಪ್ರೆಷನ್ ಸಿಕ್‌ನೆಸ್ ಎನ್ನುತ್ತಾರೆ. ಒಂದು ಕಾಲಕ್ಕೆ ಇದನ್ನು ಗುಂಪುಗುಂಪಾಗಿ ಅನುಭವಿಸಿದವರು ಸೇತುವೆ ಕಟ್ಟುವವರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಅಡಿಪಾಯಕ್ಕೆ ನದಿಯಡಿಯ ಒತ್ತಡದ ಪೆಟ್ಟಿಗೆಗಳೊಳಗೆ ಕೆಲಸ ನಡೆಯುವಾಗ, 1872ರಲ್ಲಿ, ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಈ ರೋಗಕ್ಕೆ ಸಿಕ್ಕಿ ಹಾಸಿಗೆ ಹಿಡಿದ. 1883ರಲ್ಲಿ ಸೇತುವೆ ಮುಗಿಯುವವರೆಗೆ ಅವನ ಸೂಚನೆಗಳನ್ನು ಕೆಲಸದ ಜಾಗಕ್ಕೆ ಮುಟ್ಟಿಸಿದವಳು ಹೆಂಡತಿ ಎಮಿಲಿ. 1908ರಲ್ಲಿ ಬ್ರಿಟನ್ನಿನ ಜೆ.ಎಸ್. ಹಾಲ್ಡೇನ್ ಆಡುಗಳನ್ನು ಚೇಂಬರಿನಲ್ಲಿಟ್ಟು ಪರೀಕ್ಷಿಸಿ, ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇದ್ದವರು ಹೇಗೆ ಮೇಲೆ ಬರಬೇಕೆಂಬ ಮೊದಲ ಪಟ್ಟಿ ಪ್ರಕಟಿಸಿದ. ಇಂದಿನ ಡೈವ್ ಕಂಪ್ಯೂಟರುಗಳು ಅದೇ ವಂಶದವು.

ಅಂಥ ಪಟ್ಟಿಯಲ್ಲಿ ನಮ್ಮ ಟೆಂಪೊ ಹುಡುಗರು ಎಲ್ಲಿ ನಿಲ್ಲುತ್ತಾರೆ ಎಂದು ನೋಡಿದರೆ ಚೇಂಬರಿನ ಮಾತು ತಾನಾಗಿ ಬಿದ್ದುಹೋಗುತ್ತದೆ. ಹವ್ಯಾಸಿಗಳು ಬಳಸುವ ‘ಪಾಡಿ’ ಸಂಸ್ಥೆಯ ಪಟ್ಟಿ ಪ್ರಕಾರ, 12 ಮೀಟರ್ ಆಳದಲ್ಲಿ 147 ನಿಮಿಷ ಇದ್ದರೂ ಮಧ್ಯೆ ಕಡ್ಡಾಯವಾಗಿ ನಿಲ್ಲದೆ ಮೇಲೆ ಬರಬಹುದು. 18 ಮೀಟರಿಗೆ 56 ನಿಮಿಷ, 30 ಮೀಟರಿಗೆ 20 ನಿಮಿಷ. ಹೊಸಬರು ಹೋಗುವುದು 12 ಮೀಟರಿನೊಳಗೆ. ಅವರ ಬೆನ್ನಿನ ಸಿಲಿಂಡರಿನಲ್ಲಿರುವುದು ಎರಡು ಸಾವಿರ ಚಿಲ್ಲರೆ ಲೀಟರ್ ಗಾಳಿ. ಆ ಆಳದಲ್ಲಿ ಅಂಜುತ್ತಾ ಉಸಿರಾಡುವವನು ನಿಮಿಷಕ್ಕೆ ಐವತ್ತು ಲೀಟರ್ ಆಸುಪಾಸು ಖರ್ಚು ಮಾಡುತ್ತಾನೆ. ಮುಕ್ಕಾಲು ಗಂಟೆಯೊಳಗೆ ಸಿಲಿಂಡರ್ ಖಾಲಿ, ಅದಕ್ಕೆ ಮೊದಲೇ ತರಬೇತುದಾರ ಮೇಲೆ ತಂದಿರುತ್ತಾನೆ. 147ರ ಗಡಿ ಮುಟ್ಟಬೇಕೆಂದರೂ ಗಾಳಿ ಸಾಲದು. ನಿಮಿಷಕ್ಕೆ ಒಂಬತ್ತು ಹತ್ತು ಮೀಟರ್ ಮೀರದ ಏರುವೇಗ, ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವ ರೂಢಿ ಬೇರೆ. ಒಟ್ಟಾರೆ ಹವ್ಯಾಸಿ ಡೈವಿಂಗಿನಲ್ಲಿ ಈ ಕಾಯಿಲೆ ಕಾಣುವುದು ಹತ್ತು ಸಾವಿರ ಡೈವ್‌ಗೆ ಬೆರಳೆಣಿಕೆಯಷ್ಟು.

ನಿಯಮ ಪಾಲಿಸಿದವರ ರಕ್ತದಲ್ಲೂ ಮೇಲೆ ಬಂದ ಮೇಲೆ ಒಂದಷ್ಟು ಸೂಕ್ಷ್ಮ ಗುಳ್ಳೆ ಕಾಣುತ್ತವೆ. ಡಾಪ್ಲರ್ ಯಂತ್ರ ಇಟ್ಟರೆ ಸದ್ದು ಕೇಳುತ್ತದೆ. ಅವನ್ನೂ ಚೇಂಬರಿನಲ್ಲಿ ಅಳಿಸಿಬಿಟ್ಟರೆ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಬಹುತೇಕರಲ್ಲಿ ಶ್ವಾಸಕೋಶವೇ ಅವನ್ನು ಸೋಸಿ ಹೊರಹಾಕುತ್ತದೆ, ಲಕ್ಷಣವೇ ಕಾಣುವುದಿಲ್ಲ. ನಾಲ್ವರಲ್ಲಿ ಒಬ್ಬರಿಗೆ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಹುಟ್ಟಿನಿಂದ ಪೂರ್ತಿ ಮುಚ್ಚದ ಸಣ್ಣ ಕಿಂಡಿ ಉಳಿದಿರುತ್ತದೆ. ಅಂಥವರಲ್ಲಿ ಗುಳ್ಳೆ ಸೋಸಿಕೊಳ್ಳದೆ ದಾಟುವ ಅಪಾಯ ಸ್ವಲ್ಪ ಹೆಚ್ಚು. ಅವರಿಗೂ ತಜ್ಞರು ಹೇಳುವುದು ಕಡಿಮೆ ಆಳ, ಕಡಿಮೆ ಹೊತ್ತು ಎಂದೇ.

ಚೇಂಬರ್ ಎಂದರೆ ಏನೆಂದು ಹುಡುಗರಿಗೆ ಒಮ್ಮೆ ತೋರಿಸಬೇಕು ಅನ್ನಿಸುತ್ತದೆ. ದಪ್ಪ ಗೋಡೆಯ ಕೊಳವೆ, ದುಂಡು ಕಿಟಕಿ. ಒಳಗೆ ಹೋಗುವ ಮೊದಲು ಜೇಬು ಖಾಲಿ ಮಾಡಿಸುತ್ತಾರೆ: ಫೋನು, ಬೆಂಕಿಪೊಟ್ಟಣ, ವಾಚು. ಹತ್ತಿಯ ಬಟ್ಟೆ ಮಾತ್ರ. ಸೆಂಟು ಹಾಕಿದವನಿಗೆ, ಬಳ್ಳಾರಿ ಬಿಸಿಲೆಂದು ತಲೆಗೆ ಎಣ್ಣೆ ಒತ್ತಿಕೊಂಡು ಬಂದವನಿಗೆ ಪ್ರವೇಶವಿಲ್ಲ, ಏಕೆಂದರೆ ಒತ್ತಡದ ಆಮ್ಲಜನಕದಲ್ಲಿ ಒಂದು ಕಿಡಿ ಸಾಕು. 1997ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಆಸ್ಪತ್ರೆಯ ಚೇಂಬರಿಗೆ ಬೆಂಕಿ ಬಿದ್ದು 11 ಮಂದಿ ಸತ್ತರು. 2025ರ ಜನವರಿಯಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಐದು ವರ್ಷದ ಮಗು ಹೀಗೇ ಸುಟ್ಟು ಹೋಯಿತು. ಬಾಗಿಲು ಮುಚ್ಚಿ ಒತ್ತಡ ಏರಿದಂತೆ ಒಳಗೆ ಸೆಕೆ, ಇಳಿಸುವಾಗ ಚಳಿ. ಡೈವರ್‌ಗೆ ಕೊಡುವ ರೂಢಿಯ ಚಿಕಿತ್ಸೆಯಲ್ಲಿ 18 ಮೀಟರ್ ನೀರಿನಡಿಯಷ್ಟು ಒತ್ತಡದಿಂದ ಶುರುಮಾಡಿ, ಶುದ್ಧ ಆಮ್ಲಜನಕ ಕೊಡುತ್ತಾ, ನಡುನಡುವೆ ಕೆಲವು ನಿಮಿಷ ಬರಿಯ ಗಾಳಿ ಕೊಟ್ಟು, ಮುಗಿಯುವಾಗ ನಾಲ್ಕೂಮುಕ್ಕಾಲು ಗಂಟೆ. ಆ ಬಿಡುವು ಯಾಕೆಂದರೆ ಹೆಚ್ಚಿದ ಆಮ್ಲಜನಕವೂ ವಿಷವೇ, ಫಿಟ್ಸ್ ಬರಿಸಬಲ್ಲದು. ಹಲವು ದಿನ ಕೂತವರಿಗೆ ಕೆಲಕಾಲ ದೂರದ್ದು ಮಸುಕಾಗಿ ಕಾಣುತ್ತದೆ. ಕಾಲು ಸೋತವನಿಗೆ ಇದೆಲ್ಲ ಸಹಿಸಬಹುದಾದ ಬೆಲೆ. ಒಗ್ಗರಣೆ ಮಿರ್ಚಿ ತಿನ್ನುತ್ತಾ ನಗುತ್ತಿರುವವನಿಗೆ ಯಾಕೆ?

ತಪ್ಪು ತಿಳಿವಳಿಕೆ ಎಲ್ಲಿಂದ ಬಂತೆಂದು ಊಹಿಸಬಹುದು. ವೃತ್ತಿಯಾಗಿ ಮುಳುಗುವವರಲ್ಲಿ ಚೇಂಬರ್ ದಿನನಿತ್ಯದ ಮಾತು. ಬಾಂಬೆ ಹೈನಂಥ ತೈಲ ನೆಲೆಗಳಲ್ಲಿ ಕೆಲಸ ಮಾಡುವವರು ಆಳದಲ್ಲಿ ಗಂಟೆಗಟ್ಟಲೆ ಇದ್ದು, ಕೆಲವು ವಿಧಾನಗಳಲ್ಲಿ ನೀರಿನಿಂದ ಎದ್ದ ಐದು ನಿಮಿಷದೊಳಗೆ ಹಡಗಿನ ಚೇಂಬರ್ ಹೊಕ್ಕು ಉಳಿದ ಒತ್ತಡವನ್ನು ಅಲ್ಲಿ ಇಳಿಸಿಕೊಳ್ಳುತ್ತಾರೆ. ಇನ್ನು ಕೆಲವರು ವಾರಗಟ್ಟಲೆ ಒತ್ತಡದ ಕೋಣೆಯಲ್ಲೇ ಉಂಡು ಮಲಗುತ್ತಾರೆ. ಅವರ ಕೆಲಸದ ಲೆಕ್ಕವನ್ನು ನೇತ್ರಾಣಿಯ ಅರ್ಧ ಗಂಟೆಗೆ ತಂದು ಹಚ್ಚಲಾಗದು. ಮತ್ತೊಂದು ಕಡೆ ಚೇಂಬರನ್ನೇ ಚರ್ಮಕ್ಕೆ ಹೊಳಪು, ವಯಸ್ಸಿಗೆ ತಡೆ ಎಂದು ಮಾರುವ ಜಾಹೀರಾತುಗಳು. ಚೇಂಬರಿನ ನಿಜವಾದ ಹಕ್ಕುದಾರರು ಬೇರೆ ಇದ್ದಾರೆ: ಸಕ್ಕರೆ ಕಾಯಿಲೆಯಿಂದ ಮಾಯದ ಕಾಲಿನ ಹುಣ್ಣಿನವರು, ಇಂಗಾಲದ ಮಾನಾಕ್ಸೈಡ್ ಉಸಿರಾಡಿದವರು, ರೇಡಿಯೇಷನ್‌ನಿಂದ ಅಂಗಾಂಶ ಕೆಟ್ಟವರು. ಆ ಸರದಿಯಲ್ಲಿ ಗಟ್ಟಿಮುಟ್ಟಾದ ಹುಡುಗನೊಬ್ಬ ಹೋಗಿ ನಿಲ್ಲುವುದು ನನಗಂತೂ ಸರಿಕಾಣದು.

ಬಳ್ಳಾರಿಯವರು ಲಕ್ಷ್ಯ ಕೊಡಬೇಕಾದ್ದು ದಾರಿಯ ಕಡೆ. ಮುರ್ಡೇಶ್ವರದಿಂದ ಹೊರಟ ಗಾಡಿ ಅಂಕೋಲಾದ ಬಳಿ ಬಲಕ್ಕೆ ತಿರುಗಿ ಅರಬೈಲ್ ಘಟ್ಟ ಹತ್ತುತ್ತದೆ. ಯಲ್ಲಾಪುರ ದಾಟಿ ಹುಬ್ಬಳ್ಳಿಗೆ ಬರುವ ಹೊತ್ತಿಗೆ ಸಮುದ್ರಮಟ್ಟಕ್ಕಿಂತ 600 ಮೀಟರಿಗೂ ಮೇಲೆ. ಶಿವಮೊಗ್ಗದ ಕಡೆಯಿಂದ ಬಂದು ಚಿತ್ರದುರ್ಗ ಹಾಯ್ದರೆ 700 ದಾಟುತ್ತದೆ. ಬಳ್ಳಾರಿಯೇ ಐನೂರರ ಹತ್ತಿರ. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ಸೋಡಾದ ಗೋಲಿ ಇನ್ನಷ್ಟು ಸಡಿಲ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ವಿಮಾನ ಹತ್ತುವವರಿಗೆ ಹೇಳುವ ಲೆಕ್ಕ ಹೀಗಿದೆ: ಒಂದೇ ಡೈವ್ ಆಗಿದ್ದರೆ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನದ್ದಾದರೆ 18 ಗಂಟೆ ಕಾಯಬೇಕು. ಆ ಲೆಕ್ಕ ಹಾಕಿರುವುದೇ ಸುಮಾರು 600 ಮೀಟರಿನಿಂದ ಮೇಲಿನ ಎತ್ತರಕ್ಕೆ. ನಮ್ಮ ಘಟ್ಟದ ದಾರಿ ಅದರ ಹೊಸ್ತಿಲಲ್ಲೇ ಇದೆ. ಬೆಳಿಗ್ಗೆ ಒಂದು ಆಳವಿಲ್ಲದ ಡೈವ್ ಮಾಡಿ ಸಂಜೆ ಮೇಲೆ ಹೊರಟವನಿಗೆ ಹೆದರಿಕೆ ಬೇಡ. ಎರಡು ಮೂರು ದಿನ ಕೋರ್ಸ್ ಮಾಡಿ ನಾಲ್ಕು ಡೈವ್ ಹೊಡೆದವನು ಮಾತ್ರ ಕಡಲ ದಡದಲ್ಲೇ ಒಂದು ರಾತ್ರಿ ಮಲಗಿ, ಮೀನೂಟ ಮಾಡಿ, ಮರುದಿನ ಹೊರಡಲಿ. ಗಾಡಿಯ ಹಿಂದಿನ ಸೀಟಿನ ಬಿಯರ್ ಕ್ರೇಟನ್ನು ಆ ರಾತ್ರಿ ಬಿಚ್ಚದಿದ್ದರೆ ಇನ್ನೂ ಮೇಲು. ಮೈಯ ನೀರು ಆರಿದಷ್ಟೂ ತೊಂದರೆ.

ಇನ್ನೊಂದು ಮಾತು ಹೇಳಲೇಬೇಕು. ಡಿಕಂಪ್ರೆಷನ್ ಕಾಯಿಲೆಯ ಲಕ್ಷಣ ಹೆಚ್ಚಿನವರಲ್ಲಿ ಕೆಲವೇ ಗಂಟೆಗಳಲ್ಲಿ, ಬಹುತೇಕ ಎಲ್ಲರಲ್ಲೂ 24 ಗಂಟೆಯೊಳಗೆ ಕಾಣುತ್ತದೆ. ಎಂದರೆ ಸರಿಯಾಗಿ ನಮ್ಮ ಹುಡುಗರು ಟೆಂಪೊದಲ್ಲಿ ತೂಕಡಿಸುವ ಹೊತ್ತು. ಭುಜ ನೋಯುತ್ತಿದ್ದರೆ ‘ಸೀಟು ಸರಿಯಿರಲಿಲ್ಲ’ ಎನ್ನುತ್ತಾರೆ. ಕಾಲು ಜೋಮು ಹಿಡಿದರೆ ‘ಕೂತು ಕೂತು’ ಎನ್ನುತ್ತಾರೆ. ಬೆಳಿಗ್ಗೆ ಬಳ್ಳಾರಿಯಲ್ಲಿ ಆಸ್ಪತ್ರೆಗೆ ಹೋದರೂ, ಸಮುದ್ರವೇ ಇಲ್ಲದ ಊರಿನಲ್ಲಿ ವೈದ್ಯರು ಡೈವಿಂಗ್ ಬಗ್ಗೆ ತಾವಾಗಿ ಕೇಳುವ ಸಂಭವ ಕಡಿಮೆ. ಹಾಗಾಗಿ ಮುಳುಗಿ ಬಂದ ಒಂದೆರಡು ದಿನದೊಳಗೆ ಕೀಲುನೋವು, ಜೋಮು, ತಲೆಸುತ್ತು, ಮೂತ್ರ ಕಟ್ಟಿದಂತಾಗುವುದು, ಕಾರಣವಿಲ್ಲದ ವಿಪರೀತ ಸುಸ್ತು ಯಾವುದು ಕಂಡರೂ, ವೈದ್ಯರ ಮುಂದೆ ಕೂತೊಡನೆ ಮೊದಲ ಮಾತಾಗಿ ‘ಇಂಥ ದಿನ, ಇಷ್ಟು ಆಳ, ಸ್ಕೂಬಾ ಇಳಿದಿದ್ದೆ’ ಎಂದು ಹೇಳಿ. ಆಮ್ಲಜನಕದ ಮಾಸ್ಕ್ ಬಳ್ಳಾರಿಯ ಆಸ್ಪತ್ರೆಗಳಲ್ಲೇ ಸಿಗುತ್ತದೆ, ಮೊದಲ ಚಿಕಿತ್ಸೆ ಅದೇ. ಚೇಂಬರ್ ಬೇಕೋ ಬೇಡವೋ ಎಂಬುದನ್ನು ಅದಾದ ಮೇಲೆ ಅವರು ತೀರ್ಮಾನಿಸಲಿ.